ಅರ್ಜಿದಾರರೇ ಪಂಚರಾದರೆ ಅಹವಾಲು ಯಾರ ಮುಂದೆ?

ಮಾನ್ಯ ಸಂಪಾದಕರೇ,

ಕೆಳಗಿನ ಜಲಾಶಯದ ನೀರನ್ನು ಮೇಲಿನದಕ್ಕೆ ಏರಿಸಿ, ಬೇಕಾದಾಗ ಇಳಿಸಿ ವಿದ್ಯುತ್ ತೆಗೆಯುವ ಶರಾವತಿ ಪಂಪ್ಡ್ ಸ್ಟೋರೇಜ್ ಯೋಜನೆ ಬೇಕೋ ಬೇಡವೋ ಎಂಬ ಬಗ್ಗೆ ಪರವಾಗಿಯೂ ವಿರೋಧವಾಗಿಯೂ ತಮ್ಮ ಪತ್ರಿಕೆಗೆ ಸಾಕಷ್ಟು ಪತ್ರಗಳು ಬಂದಿವೆ. ಎರಡೂ ಕಡೆಯವರ ವಾದವನ್ನು ಓದಿದ್ದೇನೆ. ನನಗೂ ಒಂದು ಅಭಿಪ್ರಾಯವಿದೆ, ಆದರೆ ಈ ಪತ್ರ ಅದನ್ನು ಹೇಳುವುದಕ್ಕಾಗಿ ಬರೆದದ್ದಲ್ಲ. ಇಂಥ ಯೋಜನೆಗಳಿಗೆ ಹೂಂ ಅಥವಾ ಊಹೂಂ ಎನ್ನಬೇಕಾದ ಸಂಸ್ಥೆಗಳು ಯಾರ ಹಂಗಿನಲ್ಲಿವೆ, ತಮ್ಮ ತೀರ್ಮಾನಕ್ಕೆ ಅವು ಯಾರಿಗೆ ಉತ್ತರ ಕೊಡಬೇಕು ಎಂಬ ಪ್ರಶ್ನೆಯನ್ನು ಈ ಗದ್ದಲದಲ್ಲಿ ಯಾರೂ ಕೈಗೆತ್ತಿಕೊಂಡಂತೆ ಕಾಣಲಿಲ್ಲ. ಅದಕ್ಕಾಗಿ ಬರೆಯುತ್ತಿದ್ದೇನೆ. ಪತ್ರ ತುಸು ಉದ್ದವಾಗಿದೆ. ಕತ್ತರಿಸುವುದು ತಮ್ಮ ಹಕ್ಕು, ಆದರೆ ಕಾಯ್ದೆಯ ಕಲಮುಗಳಿರುವ ಭಾಗವನ್ನು ದಯವಿಟ್ಟು ಉಳಿಸಿಕೊಳ್ಳಬೇಕೆಂದು ಕೋರುತ್ತೇನೆ.

ನಮ್ಮ ಕಡೆ ಎರಡು ತೋಟಗಳ ನಡುವಿನ ಅಗಳದ ವಿಚಾರಕ್ಕೆ ಜಗಳ ಹುಟ್ಟಿ ಪಂಚಾಯ್ತಿ ಸೇರಿತೆನ್ನಿ. ಆ ಎರಡು ಮನೆಯವರನ್ನು ಬಿಟ್ಟು ಊರಿನ ಉಳಿದ ನಾಲ್ಕು ಜನ ಪಂಚರಾಗಿ ಕೂರುತ್ತಾರೆ. ಕವಳದ (ಎಲೆ ಅಡಿಕೆಯ) ಹರಿವಾಣ ಯಾರ ಮನೆಯದು ಎಂಬುದನ್ನೂ ಗಮನಿಸುವ ಹಿರಿಯರು ನಮ್ಮಲ್ಲಿದ್ದರು. ಜಗಳಗಂಟರ ಮನೆಯ ಕವಳ ಹಾಕಿಕೊಂಡು ನ್ಯಾಯ ಹೇಳಬಾರದೆಂಬುದು ಅವರ ಲೆಕ್ಕ. ಈಗ ಶರಾವತಿಯನ್ನು ನೋಡಿ. ತಲಕಳಲೆ ಮತ್ತು ಗೇರುಸೊಪ್ಪ ಜಲಾಶಯಗಳ ನಡುವೆ, 2019ರಲ್ಲಿ ಸರ್ಕಾರವೇ ಘೋಷಿಸಿದ ಸಿಂಗಳೀಕ ಅಭಯಾರಣ್ಯದೊಳಗೆ, ತಲಾ 250 ಮೆಗಾವಾಟ್‌ನ ಎಂಟು ಘಟಕಗಳ, ಒಟ್ಟು 2,000 ಮೆಗಾವಾಟ್ ಸಾಮರ್ಥ್ಯದ ಸ್ಥಾವರ ಕಟ್ಟುವುದಾಗಿ ಅರ್ಜಿ ಹಾಕಿರುವುದು ಕರ್ನಾಟಕ ವಿದ್ಯುತ್ ನಿಗಮ. ಆ ನಿಗಮದ ಆಡಳಿತ ಮಂಡಳಿಗೆ ರಾಜ್ಯದ ಮುಖ್ಯಮಂತ್ರಿಯೇ ಅಧ್ಯಕ್ಷರು. ಅಭಯಾರಣ್ಯದೊಳಗಿನ ಯೋಜನೆಯಾದ್ದರಿಂದ ಅದು ರಾಜ್ಯ ವನ್ಯಜೀವಿ ಮಂಡಳಿಯ ಮುಂದೆ ಬರಬೇಕು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಆ ಮಂಡಳಿಗೂ ಮುಖ್ಯಮಂತ್ರಿಯೇ ಅಧ್ಯಕ್ಷರು. ಅಂದರೆ ಒಂದು ಕುರ್ಚಿಯಲ್ಲಿ ಕೂತು ಬೇಡಿದ್ದನ್ನು ಇನ್ನೊಂದು ಕುರ್ಚಿಯಲ್ಲಿ ಕೂತು ಪರಿಶೀಲಿಸಬೇಕು. ಇಂದಿನ ಮುಖ್ಯಮಂತ್ರಿಯವರ ಮೇಲಾಗಲಿ ಹಿಂದಿನವರ ಮೇಲಾಗಲಿ ನಾನು ಆರೋಪ ಮಾಡುತ್ತಿಲ್ಲ. ಯಾವ ಪಕ್ಷದವರು ಬಂದರೂ ಕುರ್ಚಿಗಳು ಹಾಗೆಯೇ ಇರುತ್ತವೆ, ಮತ್ತು ಅವುಗಳನ್ನು ಹಾಗೆ ಜೋಡಿಸಿದ್ದು ಇವರಾರೂ ಅಲ್ಲ.

ಇದರ ಮೇಲಿನ ಹಂತ ರಾಷ್ಟ್ರೀಯ ವನ್ಯಜೀವಿ ಮಂಡಳಿಯ ಸ್ಥಾಯಿ ಸಮಿತಿ. ಅದಕ್ಕೆ ಕೇಂದ್ರ ಪರಿಸರ ಸಚಿವರೇ ಅಧ್ಯಕ್ಷರು. ಜನರ ಅಹವಾಲು ಕೇಳುವ ಸಭೆಗಳು ಸಾಗರ ಮತ್ತು ಹೊನ್ನಾವರ ತಾಲ್ಲೂಕುಗಳಲ್ಲಿ ನಡೆದದ್ದು 2025ರ ಸೆಪ್ಟೆಂಬರ್‌ನಲ್ಲಿ. ಅಷ್ಟರೊಳಗೆ ವನ್ಯಜೀವಿ ಮಂಡಳಿಗಳ ಹಂತದ ಒಪ್ಪಿಗೆ ಸಿಕ್ಕಾಗಿತ್ತು. ಈ ಅನುಕ್ರಮ ಕಾನೂನುಬಾಹಿರವೆಂದು ನಾನು ಹೇಳಲಾರೆ, ಒಂದೊಂದು ಅನುಮತಿಗೂ ಅದರದೇ ಕಾಯ್ದೆ, ಅದರದೇ ದಾರಿ ಇದೆ. ಆದರೆ ಮದುವೆಯ ಓಲೆ ಹಂಚಿದ ಮೇಲೆ ಹುಡುಗಿಯನ್ನು ಒಪ್ಪಿಗೆಯೇ ಎಂದು ಕೇಳಿದ ಹಾಗಾಯಿತು ಎಂದು ಸಭೆಗೆ ಹೋದವರಿಗೆ ಅನ್ನಿಸಿದರೆ ಅದು ಅವರ ತಪ್ಪಲ್ಲ.

ಇನ್ನು ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿ. ಅಹವಾಲು ಸಭೆ ನಡೆಸುವುದು, ಕಾರ್ಖಾನೆಗಳಿಗೂ ಕ್ರಷರ್‌ಗಳಿಗೂ ಸಮ್ಮತಿ ಪತ್ರ ಕೊಡುವುದು, ಹೊಳೆಯ ನೀರಿನ ಮಾದರಿ ತೆಗೆದು ಪರೀಕ್ಷಿಸುವುದು, ತಪ್ಪಿದವರಿಗೆ ನೋಟಿಸ್ ಕೊಡುವುದು ಎಲ್ಲವೂ ಅದರ ಹೊಣೆ. 1974ರ ಜಲ ಕಾಯ್ದೆಯಡಿ ಹುಟ್ಟಿದ ಈ ಮಂಡಳಿ ಸ್ವತಂತ್ರ ಸಂಸ್ಥೆ ಎಂದು ನಾವು ಭಾವಿಸಿದ್ದೇವೆ. ಕಾಯ್ದೆಯನ್ನು ಬಿಡಿಸಿ ಓದಿದರೆ ಬೇರೆಯೇ ಚಿತ್ರ ಕಾಣುತ್ತದೆ. 4ನೇ ಕಲಮಿನ ಪ್ರಕಾರ ಅಧ್ಯಕ್ಷರನ್ನು ನಾಮಕರಣ ಮಾಡುವುದು ರಾಜ್ಯ ಸರ್ಕಾರ. ಸದಸ್ಯರಲ್ಲಿ ಐವರವರೆಗೆ ಸರ್ಕಾರಿ ಅಧಿಕಾರಿಗಳು, ಐವರವರೆಗೆ ನಗರಸಭೆ, ಪಂಚಾಯ್ತಿಗಳಂಥ ಸ್ಥಳೀಯ ಸಂಸ್ಥೆಗಳವರು, ಸಾಲದ್ದಕ್ಕೆ ಸರ್ಕಾರಿ ಒಡೆತನದ ಕಂಪನಿ ಮತ್ತು ನಿಗಮಗಳ ಪರವಾಗಿ ಇಬ್ಬರು. ಕೃಷಿ, ಮೀನುಗಾರಿಕೆ, ಕೈಗಾರಿಕೆ, ವ್ಯಾಪಾರ ಎಲ್ಲಕ್ಕೂ ಸೇರಿಸಿ ಮೂವರು ಸರ್ಕಾರೇತರರಿಗೆ ಮೀರದಂತೆ ಜಾಗ. 5ನೇ ಕಲಮಿನಲ್ಲಿ, ಕಾರಣ ಹೇಳುವ ಅವಕಾಶ ಕೊಟ್ಟು, ಯಾವ ಸದಸ್ಯರನ್ನಾದರೂ ಅವಧಿಗೆ ಮುನ್ನ ತೆಗೆದುಹಾಕುವ ಅಧಿಕಾರ ಸರ್ಕಾರಕ್ಕಿದೆ. ಕೊನೆಗೆ 18ನೇ ಕಲಮು: ರಾಜ್ಯ ಸರ್ಕಾರ ಲಿಖಿತವಾಗಿ ಕೊಟ್ಟ ನಿರ್ದೇಶನಕ್ಕೆ ಮಂಡಳಿ ಬದ್ಧವಾಗಿರತಕ್ಕದ್ದು. ಇದನ್ನೇ 1981ರ ವಾಯು ಕಾಯ್ದೆಯ 18ನೇ ಕಲಮಿನಲ್ಲೂ ಬರೆದಿಟ್ಟಿದ್ದಾರೆ. ಅರ್ಜಿ ಕೊಟ್ಟು ನಾಲ್ಕು ತಿಂಗಳೊಳಗೆ ಮಂಡಳಿ ಏನನ್ನೂ ಹೇಳದಿದ್ದರೆ ಸಮ್ಮತಿ ಸಿಕ್ಕಂತೆಯೇ ಎಂದು ಜಲ ಕಾಯ್ದೆಯ 25ನೇ ಕಲಮು ಹೇಳುತ್ತದೆ. ಕಡತದ ಮೇಲೆ ಕೂತರೂ ಅರ್ಜಿದಾರನಿಗೇ ಲಾಭ ಎಂಬ ಇಂಥ ಔದಾರ್ಯ ಬಗರ್‌ಹುಕುಂ ಅರ್ಜಿ ಹಾಕಿ ಇಪ್ಪತ್ತು ವರ್ಷ ಕಾದ ನಮ್ಮ ರೈತರಿಗೆ ಯಾವ ಕಾಯ್ದೆಯಲ್ಲೂ ಸಿಗಲಿಲ್ಲ.

ಕಾಗದದ ಮಾತು ಇಷ್ಟು. ನೆಲದ ಮೇಲೆ ಇದು ಹೇಗಿರುತ್ತದೆಂಬುದಕ್ಕೆ ನನ್ನದೇ ಒಂದು ಅನುಭವ ಹೇಳುತ್ತೇನೆ. ಯಾರ ಹೆಸರನ್ನೂ ಎತ್ತುವುದಿಲ್ಲ, ಏಕೆಂದರೆ ದೂರು ವ್ಯಕ್ತಿಗಳ ಮೇಲಿನದಲ್ಲ.

ಕೆಲವು ವರ್ಷಗಳ ಹಿಂದೆ ನಮ್ಮ ತೋಟದ ಮೇಲ್ಗಡೆಯ ಗುಡ್ಡದ ಆಚೆ ಬದಿಗೆ ಒಂದು ಜಲ್ಲಿ ಕ್ರಷರ್ ಶುರುವಾಯಿತು. ಬೇಸಿಗೆಯಲ್ಲಿ ಅಡಿಕೆ ಸೋಗೆಯ ಮೇಲೆ ಬಿಳಿ ಪುಡಿ ಕೂರತೊಡಗಿದ್ದನ್ನು ನಾವು ಮೊದಲು ಗಮನಿಸಲಿಲ್ಲ, ಬಿಸಿಲಿಗೆ ಹಾಗೆ ಕಾಣುತ್ತದೆ ಎಂದುಕೊಂಡೆವು. ಜೂನ್‌ನಲ್ಲಿ ಮೊದಲ ದೊಡ್ಡ ಮಳೆ ಹೊಡೆದಾಗ ಗುಡ್ಡದಿಂದ ಮನೆಗೆ ಹರಿದು ಬರುವ ಅಬ್ಬಿ ನೀರು ಅಕ್ಕಚ್ಚಿನ ಬಣ್ಣಕ್ಕೆ ತಿರುಗಿತು. ಬಚ್ಚಲ ಹಂಡೆಯಲ್ಲಿ ಒಂದು ರಾತ್ರಿ ನಿಂತ ನೀರನ್ನು ಬೆಳಿಗ್ಗೆ ಮೆಲ್ಲಗೆ ಚೆಲ್ಲಿ ನೋಡಿದರೆ ತಳದಲ್ಲಿ ಬೆರಳ ದಪ್ಪಕ್ಕೆ ಬೂದು ಕೆಸರು, ಉಗುರಿನಿಂದ ಗೀರಿದರೆ ಸಿಮೆಂಟಿನ ಹಾಗೆ ಕರಕರ ಎನ್ನುತ್ತಿತ್ತು. ಸಂಬಂಧಪಟ್ಟ ಕಚೇರಿಗೆ ಬರೆದೆ. ತಿಂಗಳ ಮೇಲೆ ಉತ್ತರ ಬಂತು: ದೂರನ್ನು ಸೂಕ್ತ ಕ್ರಮಕ್ಕಾಗಿ ಇಂಥ ಕಚೇರಿಗೆ ರವಾನಿಸಲಾಗಿದೆ. ಆ ಕಚೇರಿ ಮೂರನೆಯದಕ್ಕೆ ರವಾನಿಸಿತು. ನಾಲ್ಕನೇ ತಿಂಗಳಿಗೆ ಒಬ್ಬ ಯುವ ಅಧಿಕಾರಿ ತಪಾಸಣೆಗೆ ಬಂದರು. ಅಂದು ಬೆಳಿಗ್ಗೆಯಿಂದಲೇ ಕ್ರಷರ್ ಸದ್ದಿರಲಿಲ್ಲ. ಬೆಲ್ಟಿನ ಮೇಲೂ ಅಂಗಳದ ಮೇಲೂ ಟ್ಯಾಂಕರ್ ನೀರು ಹೊಯ್ದು ಒದ್ದೆ ಮಾಡಿಟ್ಟಿದ್ದರು. ನಮ್ಮ ಮನೆಗೆ ಬಂದು ಕಾಫಿ ಕುಡಿದ ಆ ಹುಡುಗನಿಗೆ ನಾನು ಹಂಡೆ ತೋರಿಸಿದೆ. ಅವರು ಬಗ್ಗಿ ನೋಡಿದರು, ಫೋನಿನಲ್ಲಿ ಚಿತ್ರವನ್ನೂ ತೆಗೆದುಕೊಂಡರು. ಹೊರಡುವಾಗ ಜಗಲಿಯ ಮೆಟ್ಟಿಲಿಳಿಯುತ್ತ, "ಯಜಮಾನ್ರೇ, ನಾನು ಬರೆದಿದ್ದು ಬರೆದ ಹಾಗೇ ಮೇಲೆ ಹೋಗಲ್ಲ, ಹೋದರೂ ಹಾಗೇ ಉಳಿಯಲ್ಲ" ಎಂದರು. ಹತ್ತು ರೂಪಾಯಿ ಕಟ್ಟಿ ಮಾಹಿತಿ ಹಕ್ಕಿನಡಿ ಆ ತಪಾಸಣಾ ವರದಿ ತರಿಸಿಕೊಂಡೆ. ಒಂದೇ ಪುಟ. ಅದರಲ್ಲಿದ್ದ ಮುಖ್ಯ ಸಾಲು: "ತಪಾಸಣೆಯ ವೇಳೆ ಘಟಕವು ಸ್ಥಗಿತಗೊಂಡಿದ್ದು ಧೂಳು ಕಂಡುಬಂದಿರುವುದಿಲ್ಲ." ಹಂಡೆಯ ಪ್ರಸ್ತಾಪವಿರಲಿಲ್ಲ.

ಆ ಸಾಲು ಸುಳ್ಳಲ್ಲ ಎಂಬುದೇ ಅದರ ವಿಶೇಷ. ಆ ಯುವಕ ಅಪ್ರಾಮಾಣಿಕರೆಂದೂ ನನಗೆ ಅನ್ನಿಸಲಿಲ್ಲ. ಹಲವು ತಾಲ್ಲೂಕು, ಒಂದು ಜೀಪು, ಬದಲಾಗುವ ಮೇಲಧಿಕಾರಿಗಳು, ವರ್ಗಾವಣೆಯ ಭಯ ಇಷ್ಟನ್ನು ಇಟ್ಟುಕೊಂಡು ಕೆಲಸ ಮಾಡುವವರು ಕಂಡದ್ದನ್ನು ಕಂಡಂತೆ ಬರೆಯಬೇಕಾದರೆ, ಬರೆದದ್ದನ್ನು ಯಾರೂ ತಿದ್ದಲಾರರು ಎಂಬ ಭರವಸೆ ಬೇಕು. ಸ್ವಾತಂತ್ರ್ಯವೆಂದರೆ ನನ್ನ ಮಟ್ಟಿಗೆ ಇಷ್ಟೇ, ಮತ್ತು ಅದು ಬೆಂಗಳೂರಿನ ಅಧ್ಯಕ್ಷರ ಕೊಠಡಿಗಿಂತ ಮೊದಲು ಆ ಜೀಪಿನಲ್ಲಿ ಬೇಕಾಗಿದೆ.

ಕಲ್ಲು ಕ್ವಾರಿಗಳ ವಿಷಯ ಬಂದಾಗ ಶಿವಮೊಗ್ಗದವರಿಗೆ 2021ರ ಜನವರಿ 21ರ ರಾತ್ರಿ ಮರೆಯುವಂಥದ್ದಲ್ಲ. ಹತ್ತು ಗಂಟೆ ದಾಟಿತ್ತು. ಹುಣಸೋಡಿನ ಬಳಿ ಸ್ಫೋಟಕ ತುಂಬಿದ ಲಾರಿ ಸಿಡಿದಾಗ ನಗರದವರು ಭೂಕಂಪವೆಂದು ಮಕ್ಕಳನ್ನು ಎತ್ತಿಕೊಂಡು ಬೀದಿಗೆ ಬಂದರು, ಪಕ್ಕದ ಜಿಲ್ಲೆಯವರೆಗೂ ಕಿಟಕಿಗಳು ಅದುರಿದವು. ದುಡಿಯಲು ಬಂದಿದ್ದವರು ಸತ್ತರು. ಮರುದಿನದಿಂದ ನಾವೆಲ್ಲ ಕೇಳಿದ ಪ್ರಶ್ನೆ ಒಂದೇ: ಇದನ್ನು ನೋಡಿಕೊಳ್ಳಬೇಕಾದವರು ಯಾರು? ಗಣಿ ಮತ್ತು ಭೂವಿಜ್ಞಾನ, ಕಂದಾಯ, ಪೊಲೀಸ್, ಮಾಲಿನ್ಯ ನಿಯಂತ್ರಣ, ಸ್ಫೋಟಕಗಳ ಇಲಾಖೆ ಎಲ್ಲಕ್ಕೂ ಒಂದೊಂದು ತುಂಡು ಅಧಿಕಾರವಿತ್ತು. ತುಂಡು ಅಧಿಕಾರದ ದೊಡ್ಡ ಅನುಕೂಲವೆಂದರೆ ಅದಕ್ಕೆ ತುಂಡು ಹೊಣೆಯೂ ಇರುವುದಿಲ್ಲ.

ಐದು ಹೆಕ್ಟೇರಿಗಿಂತ ಚಿಕ್ಕ ಕ್ವಾರಿಗಳಿಗೂ ಪರಿಸರ ಅನುಮತಿ ಬೇಕೆಂದು ಸುಪ್ರೀಂ ಕೋರ್ಟ್ ದೀಪಕ್ ಕುಮಾರ್ ಪ್ರಕರಣದಲ್ಲಿ ಹೇಳಿದ್ದು 2012ರ ಫೆಬ್ರುವರಿಯಲ್ಲಿ. ದೊಡ್ಡ ಜಾಗವನ್ನು ಚೂರು ಮಾಡಿ, ಒಂದೊಂದು ಚೂರಿಗೂ ವಿನಾಯಿತಿ ಪಡೆಯುವ ಜಾಣತನಕ್ಕೆ ತಡೆ ಹಾಕುವುದು ಅದರ ಉದ್ದೇಶ. ಕೇಂದ್ರ ಸರ್ಕಾರ 2016ರ ಜನವರಿಯಲ್ಲಿ ಇದಕ್ಕೆ ಹುಡುಕಿದ ದಾರಿ ಜಿಲ್ಲಾ ಮಟ್ಟದ ಪ್ರಾಧಿಕಾರ. ಅದರ ಅಧ್ಯಕ್ಷರು ಜಿಲ್ಲಾಧಿಕಾರಿ. ಕ್ರಷರ್‌ಗಳಿಗೆ ಪರವಾನಗಿ ಕೊಡುವ ಜಿಲ್ಲಾ ಪ್ರಾಧಿಕಾರಕ್ಕೂ ನಮ್ಮ ರಾಜ್ಯದಲ್ಲಿ ಜಿಲ್ಲಾಧಿಕಾರಿಯೇ ಅಧ್ಯಕ್ಷರು, ಅಹವಾಲು ಸಭೆಗೂ ಅವರು ಅಥವಾ ಅವರ ಪರವಾಗಿ ಅಪರ ಜಿಲ್ಲಾಧಿಕಾರಿಯೇ ಅಧ್ಯಕ್ಷರು, ರಾಜಧನದ ಗುರಿ ಮುಟ್ಟಿಸುವಂತೆ ಪರಿಶೀಲನಾ ಸಭೆಯಲ್ಲಿ ತಾಕೀತು ಮಾಡಬೇಕಾದವರೂ ಅವರೇ. 2018ರಲ್ಲಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ ಆಕ್ಷೇಪ ಎತ್ತಿದ ಮೇಲೆ ಆ ಜಿಲ್ಲಾ ಮಟ್ಟದ ವ್ಯವಸ್ಥೆ ಮೂಲೆಗೆ ಸರಿಯಿತು, ಸರಿ. ಆದರೆ ಒಬ್ಬರೇ ಎಲ್ಲ ಟೋಪಿ ಹಾಕಿಕೊಳ್ಳುವ ಅಭ್ಯಾಸ ಮೂಲೆಗೆ ಸರಿದಿಲ್ಲ.

ನಗರದ ಕಡೆ ಬಂದರೆ ತುಂಗೆ. ಗಂಗಾ ಸ್ನಾನ, ತುಂಗಾ ಪಾನ ಎಂಬ ಮಾತನ್ನು ನಾವು ಹೊರಗಿನವರಿಗೆ ಈಗಲೂ ಹೆಮ್ಮೆಯಿಂದ ಹೇಳುತ್ತೇವೆ. ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿ 2018ರಲ್ಲಿ ದೇಶದ 351 ಕಲುಷಿತ ನದಿ ಭಾಗಗಳನ್ನು ಪಟ್ಟಿ ಮಾಡಿದಾಗ ಕರ್ನಾಟಕದ 17 ಭಾಗಗಳಲ್ಲಿ ಶಿವಮೊಗ್ಗದಿಂದ ಕೂಡ್ಲಿಯವರೆಗಿನ ತುಂಗೆಯೂ ಇತ್ತು, ಭದ್ರಾವತಿ ಮತ್ತು ಹೊಳೆಹೊನ್ನೂರಿನ ನಡುವಿನ ಭದ್ರೆಯೂ ಇತ್ತು. ಎರಡು ನದಿಗಳು ಕೂಡುವ ಕ್ಷೇತ್ರಕ್ಕೆ ಎರಡೂ ಮೈಲಿಗೆಯಾಗಿಯೇ ಬರುತ್ತಿವೆ ಎಂದಾಯಿತು. ಇಲ್ಲಿ ಯಾವುದೋ ಖಾಸಗಿ ಕಂಪನಿಯ ಮೇಲೆ ಬೆರಳು ತೋರಿಸಿ ಮುಗಿಸುವಂತಿಲ್ಲ, ಏಕೆಂದರೆ ಊರಿನ ಕೊಳಚೆ ಹೊಳೆಗೆ ಸೇರದಂತೆ ನೋಡಿಕೊಳ್ಳಬೇಕಾದದ್ದು ಸ್ಥಳೀಯ ಸಂಸ್ಥೆ, ಅದಕ್ಕೆ ಹಣ ಕೊಡಬೇಕಾದದ್ದು ಸರ್ಕಾರ, ತಪ್ಪಿದಾಗ ದಂಡಿಸಬೇಕಾದದ್ದು ಅದೇ ಸರ್ಕಾರ ನೇಮಿಸಿದ ಮಂಡಳಿ, ಮತ್ತು ಆ ಮಂಡಳಿಯಲ್ಲಿ ಸ್ಥಳೀಯ ಸಂಸ್ಥೆಗಳವರೇ ಐವರವರೆಗೆ ಕೂರಬಹುದು. ನೋಟಿಸ್ ಒಂದು ಮೇಜಿನಿಂದ ಇನ್ನೊಂದು ಮೇಜಿಗೆ ಹೋಗಿಬರುವುದರಲ್ಲಿ ವರ್ಷಗಳು ಕಳೆಯುತ್ತವೆ. ಹೊಳೆ ತನ್ನ ಪಾಡಿಗೆ ಕೂಡ್ಲಿಗೆ ಹೋಗುತ್ತಿರುತ್ತದೆ.

ನ್ಯಾಯಾಲಯಗಳಿವೆಯಲ್ಲ ಎನ್ನುವವರಿದ್ದಾರೆ. ಇವೆ. ಕುದುರೆಮುಖವನ್ನು ಉಳಿಸಿದ್ದು ನ್ಯಾಯಾಲಯವೇ. ಭದ್ರೆಯ ಮೂಲದಲ್ಲಿ, ರಾಷ್ಟ್ರೀಯ ಉದ್ಯಾನದ ಮಗ್ಗುಲಲ್ಲೇ, ಕೇಂದ್ರ ಸರ್ಕಾರದ ಕಂಪನಿ ನಡೆಸುತ್ತಿದ್ದ ಕಬ್ಬಿಣದ ಅದಿರಿನ ಗಣಿಗಾರಿಕೆಯ ಗುತ್ತಿಗೆ 1999ರಲ್ಲೇ ಮುಗಿದಿದ್ದರೂ ತಾತ್ಕಾಲಿಕ ಪರವಾನಗಿಗಳ ಮೇಲೆ ಕೆಲಸ ಸಾಗಿತ್ತು. 2002ರ ಅಕ್ಟೋಬರ್ 30ರಂದು ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟು, 2005ರ ಡಿಸೆಂಬರ್ 31ಕ್ಕೆ ಗಣಿ ನಿಂತಿತು. ಆ ಪ್ರಕರಣವನ್ನು ನಾನು ಬೇರೆ ರೀತಿಯಲ್ಲಿ ಓದುತ್ತೇನೆ: ಕಾವಲಿಗೆಂದು ಇಟ್ಟ ಒಂದು ಸಂಸ್ಥೆಯೂ ಅಷ್ಟು ವರ್ಷ ಸಾಕು ಎನ್ನಲಿಲ್ಲ, ಕೆಲವು ಹಟವಾದಿ ನಾಗರಿಕರು ದೆಹಲಿಯವರೆಗೆ ಹೋಗಬೇಕಾಯಿತು. ಹಸಿರು ನ್ಯಾಯಮಂಡಳಿಗೆ ಮೇಲ್ಮನವಿ ಹಾಕಲು ಮೂವತ್ತು ದಿನ, ಸಕಾರಣವಿದ್ದರೆ ಇನ್ನು ಅರವತ್ತು ದಿನ, ಅಷ್ಟೇ. ದಕ್ಷಿಣ ಪೀಠ ಚೆನ್ನೈನಲ್ಲಿದೆ. ಆದೇಶ ಹೊರಬಿದ್ದದ್ದೇ ಗೊತ್ತಾಗದ ಹಳ್ಳಿಯವನಿಗೆ ತೊಂಬತ್ತು ದಿನ ಎಂದರೆ ಒಂದು ಮಳೆಗಾಲ. ನ್ಯಾಯಾಲಯದ ಮಾತೂ ಸ್ಥಿರವಾಗಿರುತ್ತದೆಂದು ಹೇಳುವಂತಿಲ್ಲ. ಅನುಮತಿಯಿಲ್ಲದೆ ಶುರುಮಾಡಿದ ಯೋಜನೆಗಳಿಗೆ ಆಮೇಲೆ ಅನುಮತಿ ಕೊಡುವ ಪದ್ಧತಿಯನ್ನು ಸುಪ್ರೀಂ ಕೋರ್ಟ್ 2025ರ ಮೇ ತಿಂಗಳಲ್ಲಿ ರದ್ದು ಮಾಡಿತು; ಅದೇ ವರ್ಷ ನವೆಂಬರ್‌ನಲ್ಲಿ, ಒಬ್ಬ ನ್ಯಾಯಮೂರ್ತಿಯ ಭಿನ್ನಮತದ ನಡುವೆ, ಆ ತೀರ್ಪನ್ನು ಹಿಂದಕ್ಕೆ ಪಡೆಯಿತು. ಮೊದಲು ಕಟ್ಟು, ಆಮೇಲೆ ಕೇಳು ಎಂಬ ಬಾಗಿಲು ಮುಚ್ಚಿದ ಸದ್ದು ಕೇಳುವಷ್ಟರಲ್ಲೇ ಮತ್ತೆ ತೆರೆಯಿತು.

ಇಷ್ಟು ಹೇಳಿದ ಮೇಲೆ ಸರ್ಕಾರದ ಹಿಡಿತ ತಪ್ಪಿಸಿ ಎಲ್ಲ ಅಧಿಕಾರವನ್ನೂ ತಜ್ಞರ ಕೈಗೆ ಕೊಟ್ಟುಬಿಡಿ ಎಂದು ನಾನು ಕೇಳಬಹುದೆಂದು ತಮಗೆ ಅನ್ನಿಸಬಹುದು. ಮಲೆನಾಡಿನಲ್ಲಿ ಹುಟ್ಟಿದವನು ಹಾಗೆ ಕೇಳಲಾರ. ಯಾರಿಗೂ ಉತ್ತರ ಹೇಳಬೇಕಿಲ್ಲದ ಅಧಿಕಾರ ಹೇಗಿರುತ್ತದೆಂದು ನಮಗೆ ಸೊಪ್ಪಿನ ಬೆಟ್ಟದಲ್ಲಿ ಒಂದು ಹೊರೆ ದರಗು (ತರಗೆಲೆ) ತಂದಾಗ ಗೊತ್ತಾಗಿದೆ, ಲಿಂಗನಮಕ್ಕಿಯ ಹಿನ್ನೀರಿಗೆ ಊರು ಬಿಟ್ಟು ಬಂದವರ ಮೂರನೇ ತಲೆಮಾರು ಇನ್ನೂ ಹಕ್ಕುಪತ್ರಕ್ಕೆ ಅಲೆಯುವಾಗ ಗೊತ್ತಾಗಿದೆ. ಪಶ್ಚಿಮ ಘಟ್ಟದ ವರದಿಗಳ ಹೆಸರೆತ್ತಿದರೆ ನಮ್ಮ ಹಳ್ಳಿಗಳಲ್ಲಿ ಜನ ಎದ್ದು ನಿಲ್ಲುವುದು ಕಾಡಿನ ಮೇಲಿನ ದ್ವೇಷದಿಂದಲ್ಲ. ಕಾಡಿನ ನಡುವೆಯೇ ಬದುಕಿದ ಜನ ಇವರು. ಮಾಧವ ಗಾಡ್ಗೀಳ್ ಅಧ್ಯಕ್ಷತೆಯ ಸಮಿತಿ 2011ರ ಆಗಸ್ಟ್‌ನಲ್ಲಿ ವರದಿ ಕೊಟ್ಟಿತು. ಗ್ರಾಮಸಭೆಗಳ ಅಭಿಪ್ರಾಯಕ್ಕೆ ಮಹತ್ವ ಕೊಡಬೇಕು, ಘಟ್ಟಕ್ಕೆಂದೇ ಒಂದು ಶಾಸನಬದ್ಧ ಪ್ರಾಧಿಕಾರ ಬೇಕು ಎಂದು ಹೇಳಿದ ಆ ವರದಿಯನ್ನೇ ಕೇಂದ್ರ ಸಚಿವಾಲಯ ತಿಂಗಳುಗಟ್ಟಲೆ ಹೊರಗೆ ಬಿಡಲಿಲ್ಲ. ಕೇಂದ್ರ ಮಾಹಿತಿ ಆಯೋಗ ಆದೇಶಿಸಿ, ದೆಹಲಿ ಹೈಕೋರ್ಟ್ ಸಚಿವಾಲಯದ ತಕರಾರನ್ನು ತಳ್ಳಿಹಾಕಿದ ಮೇಲೆ, 2012ರ ಮೇ ತಿಂಗಳಲ್ಲಿ ಅದು ಬೆಳಕು ಕಂಡಿತು. ಅಷ್ಟರಲ್ಲಿ ವರದಿಯಲ್ಲಿ ಇಲ್ಲದ್ದೆಲ್ಲ ಇದೆಯೆಂದು ಊರೂರಲ್ಲಿ ಸುದ್ದಿ ಹಬ್ಬಿತ್ತು, ಹಬ್ಬಿಸುವವರಿಗೂ ಕೊರತೆಯಿರಲಿಲ್ಲ. ಮುಂದೆ ಕಸ್ತೂರಿರಂಗನ್ ಸಮಿತಿ 2013ರಲ್ಲಿ ವರದಿ ಕೊಟ್ಟು, 2014ರಿಂದ ಇಲ್ಲಿಯವರೆಗೆ ಕರಡು ಅಧಿಸೂಚನೆಗಳ ಮೇಲೆ ಕರಡು ಬಂದು, 2024ರ ಜುಲೈ 31ರಂದು ಬಂದದ್ದು ಆರನೆಯದು. ಅದರಲ್ಲಿ ಪರಿಸರ ಸೂಕ್ಷ್ಮ ಪ್ರದೇಶವೆಂದು ಗುರುತಿಸಿದ್ದು ಕರ್ನಾಟಕದ ಪಾಲಿಗೆ 20,668 ಚದರ ಕಿಲೋಮೀಟರ್. ನಮ್ಮ ಪಂಚಾಯ್ತಿಯಲ್ಲಿ ಆ ಬಗ್ಗೆ ನಡೆದ ಸಭೆಗೆ ನಾನು ಹೋಗಿದ್ದೆ. ವಿರೋಧದ ನಿರ್ಣಯಕ್ಕೆ ಸಹಿ ಹಾಕಿದವರಲ್ಲಿ ಕರಡನ್ನು ಓದಿದವರು ಇರಲಿಲ್ಲ. ಓದಿ ಹೇಳಲು ಬಂದ ಅಧಿಕಾರಿಯೂ ಇರಲಿಲ್ಲ. ನಾನೂ ಸಹಿ ಹಾಕಿ ಬಂದೆ. ಅದನ್ನು ಇಲ್ಲಿ ಮುಚ್ಚಿಡುವುದು ಸರಿಯಲ್ಲ.

ಆದ್ದರಿಂದ ಸ್ವಾತಂತ್ರ್ಯ ಮತ್ತು ಉತ್ತರದಾಯಿತ್ವ ಎಂದು ಬೇರೆ ಬೇರೆ ಎರಡು ಬೇಡಿಕೆಗಳನ್ನು ನಾನು ಇಡುತ್ತಿಲ್ಲ. ಈಗ ಈ ಸಂಸ್ಥೆಗಳು ಉತ್ತರ ಹೇಳುವುದೇ ಇಲ್ಲವೆಂದಲ್ಲ. ಮೇಲಕ್ಕೆ ಹೇಳುತ್ತವೆ, ದಿನವೂ ಹೇಳುತ್ತವೆ. ಕೆಳಕ್ಕೆ, ಹಳ್ಳದ ನೀರು ಕುಡಿಯುವವರಿಗೆ, ಹೇಳುವುದಿಲ್ಲ. ಆ ಮುಖವನ್ನು ತಿರುಗಿಸಬೇಕಾಗಿದೆ.

ಸುಪ್ರೀಂ ಕೋರ್ಟ್ ಇದನ್ನು ಹಲವು ಸಲ ಹೇಳಿಯಾಗಿದೆ. 2011ರ ಲಾಫಾರ್ಜ್ ಪ್ರಕರಣದಲ್ಲಿ ರಾಷ್ಟ್ರಮಟ್ಟದ ಸ್ವತಂತ್ರ ಪರಿಸರ ನಿಯಂತ್ರಕ ಸಂಸ್ಥೆ ಬೇಕೆಂದಿತು, 2014ರ ಜನವರಿಯಲ್ಲಿ ಅದೇ ವರ್ಷದ ಮಾರ್ಚ್ 31ರೊಳಗೆ ನೇಮಿಸಿ ಎಂದು ಗಡುವನ್ನೂ ಕೊಟ್ಟಿತು. ಅಂಥದೊಂದು ಸಂಸ್ಥೆ ಇಂದಿಗೂ ಇಲ್ಲ. ಮಾಲಿನ್ಯ ನಿಯಂತ್ರಣ ಮಂಡಳಿಗಳ ನೇಮಕಕ್ಕೆ ಆರು ತಿಂಗಳಲ್ಲಿ ನಿಯಮ ಮಾಡಿಕೊಳ್ಳಿ ಎಂದು 2017ರ ಸೆಪ್ಟೆಂಬರ್‌ನಲ್ಲಿ ರಾಜ್ಯಗಳಿಗೆ ಸೂಚಿಸಿತು. ಅದಾದ ಮೇಲೂ ನಮ್ಮ ರಾಜ್ಯದ ಮಂಡಳಿಯ ಅಧ್ಯಕ್ಷ ಸ್ಥಾನದ ವ್ಯಾಜ್ಯ ಹೈಕೋರ್ಟಿಗೆ ಹೋದದ್ದು ಓದುಗರಿಗೆ ನೆನಪಿರಬಹುದು. 2024ರ ಜನವರಿ 31ರ ತೀರ್ಪಿನಲ್ಲಿ ಇಂಥ ಸಂಸ್ಥೆಗಳ ಸದಸ್ಯರ ಅರ್ಹತೆ, ಅವಧಿ, ನೇಮಿಸುವ ಮತ್ತು ತೆಗೆಯುವ ವಿಧಾನ ಸ್ಪಷ್ಟವಾಗಿರಬೇಕು, ಕೆಲಸದ ನಿಯಮಗಳು ಜನರಿಗೆ ತಿಳಿಯುವಂತಿರಬೇಕು ಎಂದಿತು. ಈ ದಿಕ್ಕಿನಲ್ಲಿ ದೆಹಲಿಯ ದಾರಿ ಕಾಯಬೇಕಿಲ್ಲದ ಕೆಲವು ಕೆಲಸಗಳಿವೆ, ರಾಜ್ಯ ಸರ್ಕಾರ ನಾಳೆಯೇ ಶುರು ಮಾಡಬಹುದು.

18ನೇ ಕಲಮಿನಡಿ ಸರ್ಕಾರ ಮಂಡಳಿಗೆ ಕೊಡುವ ಪ್ರತಿಯೊಂದು ನಿರ್ದೇಶನವನ್ನೂ, ಕೊಟ್ಟ ದಿನವೇ, ಕನ್ನಡದಲ್ಲಿ ಪ್ರಕಟಿಸಲಿ. ಸರ್ಕಾರಕ್ಕೆ ನಿರ್ದೇಶನ ಕೊಡುವ ಅಧಿಕಾರ ಬೇಡವೆಂದು ನಾನು ಹೇಳುತ್ತಿಲ್ಲ. ಕಾಯ್ದೆಯೇ ಅದು ಲಿಖಿತವಾಗಿರಬೇಕು ಎಂದಿದೆ, ಬರೆದದ್ದನ್ನು ತೋರಿಸಲು ಸಂಕೋಚವೇಕೆ? ಫೋನಿನಲ್ಲಿ ಬರುವ ನಿರ್ದೇಶನಗಳಿಗೆ ಇದರಿಂದ ಪರಿಹಾರವಿಲ್ಲ ಎಂದು ಸ್ನೇಹಿತರೊಬ್ಬರು ನಕ್ಕರು. ನಿಜ. ಆದರೆ ಬರವಣಿಗೆಯಲ್ಲಿ ಏನೂ ಬಂದಿಲ್ಲವೆಂದು ಅಧಿಕಾರಿಯೊಬ್ಬರು ಹೇಳಿ ಪಾರಾಗಲು ಅದೂ ಒಂದು ಆಸರೆ. ಅರ್ಜಿದಾರ ಸಂಸ್ಥೆಯ ಅಧ್ಯಕ್ಷರಾದವರು ಆ ಅರ್ಜಿ ಚರ್ಚೆಗೆ ಬಂದ ದಿನ ವನ್ಯಜೀವಿ ಮಂಡಳಿಯ ಸಭೆಯಿಂದ ಎದ್ದು ಹೊರಗೆ ಕೂರಲಿ, ಹಾಗೆ ಕೂತದ್ದು ನಡಾವಳಿಯಲ್ಲಿ ದಾಖಲಾಗಲಿ. ಪರಿಸರ ಪರಿಣಾಮ ಅಧ್ಯಯನ ಮಾಡುವ ಸಲಹಾ ಸಂಸ್ಥೆಗೆ ಇಂದು ಸಂಬಳ ಕೊಡುವವನು ಯೋಜನೆಯ ಮಾಲೀಕ. ಆ ಹಣವನ್ನು ಅವನು ಪ್ರಾಧಿಕಾರಕ್ಕೆ ಕಟ್ಟಲಿ, ಅಧ್ಯಯನ ಮಾಡುವವರನ್ನು ಪ್ರಾಧಿಕಾರ ಆರಿಸಲಿ. ಮಾವನ ಮನೆಯ ಖರ್ಚಿನಲ್ಲಿ ಜಾತಕ ನೋಡಿದ ಜೋಯಿಸರು ಕೂಡಿಬರುವುದಿಲ್ಲ ಎಂದದ್ದನ್ನು ನಾನಂತೂ ಕೇಳಿಲ್ಲ.

ಎಲ್ಲಕ್ಕಿಂತ ಮುಖ್ಯವಾದದ್ದು ಅಹವಾಲು ಸಭೆಯ ನಂತರದ ಮೌನ. 2006ರ ಪರಿಸರ ಪರಿಣಾಮ ಅಧ್ಯಯನ ಅಧಿಸೂಚನೆಯ ಪ್ರಕಾರ ಪೂರ್ತಿ ಅಧ್ಯಯನ ವರದಿಯ ಸಾರಾಂಶವನ್ನಷ್ಟೇ ಸ್ಥಳೀಯ ಭಾಷೆಯಲ್ಲಿ ಕೊಟ್ಟರೆ ಸಾಕು. ನಾನು ಓದಿದ ಅಂಥ ಒಂದು ಸಾರಾಂಶದಲ್ಲಿ, ಯಾವ ಯೋಜನೆಯದೆಂದು ಹೇಳುವುದು ಬೇಡ, ಸಿಂಗಳೀಕ "ಸಿಂಹ ಬಾಲದ ಮಂಗ" ಆಗಿತ್ತು, ವರ್ಷವಿಡೀ ಹರಿಯುವ ನಮ್ಮ ಹಳ್ಳ "ಋತುಮಾನಿಕ ನಾಲಾ" ಆಗಿತ್ತು. ಹಳ್ಳ ಬತ್ತುವುದಿಲ್ಲ ಎಂದು ಸಭೆಯಲ್ಲಿ ಎದ್ದು ಹೇಳಿದ ಒಬ್ಬ ಅಜ್ಜಿಯ ಮಾತನ್ನು ನಡಾವಳಿಯಲ್ಲಿ "ಸ್ಥಳೀಯರು ನೀರಿನ ಬಗ್ಗೆ ಆತಂಕ ವ್ಯಕ್ತಪಡಿಸಿದರು" ಎಂದು ಬರೆದರು. ಅದಕ್ಕೆ ಯೋಜನೆಯವರ ಉತ್ತರ: ಗಮನಿಸಲಾಗಿದೆ. ಅಜ್ಜಿ ಆತಂಕ ವ್ಯಕ್ತಪಡಿಸಿರಲಿಲ್ಲ. ವರದಿಯಲ್ಲಿರುವುದು ತಪ್ಪು ಎಂದಿದ್ದಳು. ಏಪ್ರಿಲ್‌ನಲ್ಲಿ ಒಬ್ಬರು ಬಂದು ನೋಡಿದ್ದರೆ ತೀರುತ್ತಿತ್ತು. ಪ್ರತಿಯೊಂದು ಆಕ್ಷೇಪಕ್ಕೂ, ಒಪ್ಪಿದರೆ ಏಕೆ, ತಳ್ಳಿದರೆ ಏಕೆ ಎಂದು ತೀರ್ಮಾನ ಮಾಡಿದವರು ತಮ್ಮ ಸಹಿ ಹಾಕಿ ಕನ್ನಡದಲ್ಲಿ ಕಾರಣ ಬರೆಯಬೇಕು. ಸಿವಿಲ್ ಕೋರ್ಟಿನ ಮುನ್ಸಿಫರು ಅರ್ಧ ಎಕರೆ ವ್ಯಾಜ್ಯಕ್ಕೂ ಕಾರಣ ಬರೆಯುತ್ತಾರೆ. ಕಾರಣ ಬರೆಯಬೇಕಾದ ಕೈಗೆ ಮೇಲಿನ ಒತ್ತಡವನ್ನು ತಳ್ಳಿಹಾಕುವುದೂ ಸುಲಭ, ಏಕೆಂದರೆ ಬರೆಯಲಾಗದ ಕಾರಣವನ್ನು ಬರೆಯಿರಿ ಎಂದು ಯಾವ ಮಂತ್ರಿಯೂ ಹೇಳಲಾರರು.

ಪರಿಸರ ಅನುಮತಿ ಪಡೆದವರು ಪ್ರತಿ ವರ್ಷ ಜೂನ್ 1 ಮತ್ತು ಡಿಸೆಂಬರ್ 1ರಂದು ಷರತ್ತುಗಳ ಪಾಲನೆಯ ಬಗ್ಗೆ ವರದಿ ಸಲ್ಲಿಸಬೇಕು, ಅದು ಸಾರ್ವಜನಿಕ ದಾಖಲೆ ಎಂದು ಅದೇ ಅಧಿಸೂಚನೆ ಹೇಳುತ್ತದೆ. ಇದು ಬಹಳ ಜನಕ್ಕೆ ಗೊತ್ತಿಲ್ಲ, ನನಗೂ ಇತ್ತೀಚಿನವರೆಗೆ ಗೊತ್ತಿರಲಿಲ್ಲ. ನಮ್ಮ ಗುಡ್ಡದ ಕ್ರಷರ್‌ಗೆ ಕಲ್ಲು ಒದಗಿಸುವ ಕ್ವಾರಿಯ ಕಳೆದ ಎರಡು ವರದಿಗಳ ಪ್ರತಿ ಕೊಡಬೇಕೆಂಬ ಕೋರಿಕೆಯನ್ನೂ, ಅವನ್ನು ಪಂಚಾಯ್ತಿಯ ಸೂಚನಾ ಫಲಕಕ್ಕೆ ಹಚ್ಚಬೇಕೆಂಬ ಮನವಿಯನ್ನೂ ಸೇರಿಸಿ ಸಂಬಂಧಪಟ್ಟ ಕಚೇರಿಗೆ ಕಳೆದ ವಾರ ಅಂಚೆಯಲ್ಲಿ ಅರ್ಜಿ ಹಾಕಿದ್ದೇನೆ. ಈ ಸಲ ಹಂಡೆಯ ತಳದ ಚಿತ್ರವನ್ನೂ ಲಗತ್ತಿಸಿದ್ದೇನೆ. ಉತ್ತರ ಬಂದರೆ ಅದರ ಪ್ರತಿಯನ್ನು ತಮ್ಮ ಪತ್ರಿಕೆಗೂ ಕಳುಹಿಸುತ್ತೇನೆ. ಇನ್ನೊಂದು ಕಚೇರಿಗೆ ರವಾನಿಸಲಾಗಿದೆ ಎಂದು ಬಂದರೆ ಅದರದ್ದೂ.

ಇತಿ ತಮ್ಮ ವಿಶ್ವಾಸಿ,
ಒಬ್ಬ ಅಡಿಕೆ ಬೆಳೆಗಾರ,
ಹೊಸನಗರ ತಾಲ್ಲೂಕು, ಶಿವಮೊಗ್ಗ ಜಿಲ್ಲೆ